ಮುಚ್ಚಿಹೋಗುವ ಮುನ್ನ ನೋಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಸಾಮಾನ್ಯವಾಗಿ ನಾವು ಇದನ್ನು ಖರ್ಚಿನ ವಿಷಯ ಬಂದಾಗ, ನಿಟ್ಟುಸಿರಿನೊಡನೆ ಬಳಸುತ್ತೇವೆ. ಆದರೆ ಗಾದೆಯಲ್ಲಿ ಎರಡು ಸಲ ಬಂದಿರುವ ಮಾತು ‘ನೋಡು’ ಎಂಬುದು. ಒಂದು ಮನೆಯನ್ನು ಕಟ್ಟಿಸಿದ ಬಳಿಕ, ಆ ಗಾದೆಯ ಜೀವವೆಲ್ಲ ಈ ಕ್ರಿಯಾಪದದಲ್ಲಿಯೇ ಇದೆಯೆಂದು ನನಗೆ ತೋರಿದೆ. ಏಕೆಂದರೆ ಮನೆಯ ಮುಖ್ಯವಾದ ಕೆಲಸಗಳೆಲ್ಲ ಒಂದರ ಹಿಂದೊಂದು ಮುಚ್ಚಿಹೋಗುತ್ತವೆ. ಪಾಯ ಮಣ್ಣಿನಲ್ಲಿ, ಕಬ್ಬಿಣ ಕಾಂಕ್ರೀಟಿನಲ್ಲಿ, ಕೊಳವೆ ಮತ್ತು ತಂತಿಗಳು ಗೋಡೆಯಲ್ಲಿ ಅಡಗುತ್ತವೆ. ಕೊನೆಗೆ ಬಂಧುಗಳು ಗೃಹಪ್ರವೇಶಕ್ಕೆ ಬಂದು ಮೆಚ್ಚುವುದು ಬಣ್ಣವನ್ನು, ನೆಲದ ಹೊಳಪನ್ನು, ಬಾಗಿಲ ಕೆತ್ತನೆಯನ್ನು. ಇವನ್ನು ಹತ್ತು ವರ್ಷಗಳ ನಂತರವೂ ಬದಲಾಯಿಸಿಕೊಳ್ಳಬಹುದು, ಮುಚ್ಚಿಹೋದದ್ದನ್ನು ಬದಲಾಯಿಸಲಾಗದು.

ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿ 2018ರಲ್ಲಿ ನಿವೃತ್ತನಾದೆ. ವರ್ಗಾವಣೆಗಳ ದೆಸೆಯಿಂದ ಅಷ್ಟು ಹೊತ್ತಿಗೆ ನಾವು ಹನ್ನೊಂದು ಬಾಡಿಗೆ ಮನೆಗಳನ್ನು ಕಂಡಿದ್ದೆವು. ತುಮಕೂರಿನ ಹೊರವಲಯದಲ್ಲಿ ಹಿಂದೆಯೇ ಕೊಂಡಿದ್ದ 30×40 ಅಡಿಯ ನಿವೇಶನವೊಂದಿತ್ತು. ಉಪದಾನದ ಹಣ ಮತ್ತು ಪಿಂಚಣಿಯ ಪರಿವರ್ತನೆಯಿಂದ ಬಂದ ಹಣ ಕೈಯಲ್ಲಿತ್ತು. ಅದು ಮತ್ತೊಮ್ಮೆ ಗಳಿಸಲಾರದ ಹಣ. ಆದುದರಿಂದ ಡಿಸೆಂಬರ್ 2018ರಿಂದ ನವೆಂಬರ್ 2019ರವರೆಗೆ, ಶಾಲೆಗೆ ಹೋಗುತ್ತಿದ್ದ ನಿಷ್ಠೆಯಿಂದಲೇ, ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ನಿವೇಶನದಲ್ಲಿ ಹಾಜರಿರುತ್ತಿದ್ದೆ. ಮನೆ ಕಟ್ಟಲು ಹೊರಟ ಮಿತ್ರರು ಆಗಾಗ ಸಲಹೆ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದುದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮೊದಲನೆಯದು ಮಣ್ಣು. ನಕ್ಷೆ ಬರೆಸುವ ಮುಂಚೆಯೇ ನಿವೇಶನದಲ್ಲಿ ಒಂದೆರಡು ಗುಂಡಿ ತೋಡಿಸಿ, ಗಟ್ಟಿ ನೆಲ ಎಷ್ಟು ಆಳದಲ್ಲಿ ಸಿಗುತ್ತದೆಂದು ಎಂಜಿನಿಯರರಿಗೆ ತೋರಿಸಬೇಕು. ನಮ್ಮದು ಕೆಮ್ಮಣ್ಣು, ಸೈಜುಗಲ್ಲಿನ ಪಾಯ ಸಾಕಾಯಿತು. ಎರೆಮಣ್ಣಿನ ಸೀಮೆಯವರು ಇಷ್ಟು ಸುಲಭವಾಗಿ ಪಾರಾಗಲಾರರು. ಆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರ ಜೊತೆಯಲ್ಲಿ ಬಿರಿಯುತ್ತದೆ. ಪಕ್ಕದ ಊರಿನ ನೆಂಟರ ಮನೆಗೆ ಒದಗಿದ ಪಾಯ ನಮ್ಮ ಮನೆಗೂ ಒದಗುವುದೆಂಬ ಭರವಸೆ ಇಲ್ಲ.

ಸುಣ್ಣದ ಪುಡಿಯಿಂದ ನೆಲದ ಮೇಲೆ ಕೋಣೆಗಳ ಗುರುತು ಹಾಕಿದ ದಿನ ಬಹುಮಂದಿ ಹೆದರುತ್ತಾರೆ. ಹತ್ತು ಅಡಿ ಅಗಲದ ಕೋಣೆ ಬಯಲಿನಲ್ಲಿ ಕೋಳಿಗೂಡಿನಂತೆ ಕಾಣುತ್ತದೆ. ಇದು ಕಣ್ಣಿನ ಮೋಸ. ಮೇಲೆ ಆಕಾಶವೂ ಸುತ್ತ ಬಯಲೂ ಇರುವಾಗ ಯಾವ ಚೌಕವಾದರೂ ಕಿರಿದೇ. ಗೋಡೆ ಎದ್ದಮೇಲೆ ಕೋಣೆ ತನ್ನ ಅಳತೆಗೆ ಬರುತ್ತದೆ. ಆ ಘಳಿಗೆಯಲ್ಲಿ ಗಾಬರಿಯಿಂದ ಗೋಡೆಗಳನ್ನು ಅತ್ತಿತ್ತ ಸರಿಸುವುದಕ್ಕಿಂತ, ಮಂಚ, ಕಪಾಟು, ಊಟದ ಮೇಜುಗಳ ಅಳತೆಯನ್ನು ಹಾಳೆಯಲ್ಲಿ ಕತ್ತರಿಸಿ ನಕ್ಷೆಯ ಮೇಲೆ ಇಟ್ಟು ನೋಡುವುದು ಮೇಲು.

ಅದೇ ದಿನ ನಮ್ಮ ಮೇಸ್ತ್ರಿ ನನಗೆ ಒಂದು ಆನಂದವನ್ನು ಕೊಟ್ಟರು. ದಾರವೊಂದನ್ನು ಹಿಡಿದು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತಿಸಿ, ಕರ್ಣ ಐದು ಅಡಿ ಬರುವವರೆಗೆ ಗೂಟವನ್ನು ಸರಿಸಿ ‘ಮೂಲೆ ಕೂತಿತು’ ಎಂದರು. ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟವರು ಅವರು. ಪೈಥಾಗೊರಸನ ಪ್ರಮೇಯವೆಂದು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ! ಬೌಧಾಯನ ಶುಲ್ಬಸೂತ್ರದಲ್ಲಿಯೂ ಅದೇ ತತ್ತ್ವವಿದೆ, ಶುಲ್ಬವೆಂದರೆ ಹಗ್ಗ. ಆಮೇಲೆ ಅವರು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಮನೆಯ ನಾಲ್ಕು ಮೂಲೆಗಳಲ್ಲಿ ಒಂದೇ ಮಟ್ಟವನ್ನು ಗುರುತಿಸಿದರು. ಕೊಳವೆಯಲ್ಲಿ ಗಾಳಿಗುಳ್ಳೆ ಇದ್ದರೆ ಮಟ್ಟ ಸುಳ್ಳಾಗುತ್ತದೆಂದು ಅವರೇ ಎಚ್ಚರಿಸಿದರು. ಕೆಲಸ ಬಲ್ಲವರ ಬಳಿ ನಿಂತು ‘ಇದು ಏಕೆ?’ ಎಂದು ವಿನಯದಿಂದ ಕೇಳಿದರೆ ಅವರು ಮುಚ್ಚಿಡದೆ ಹೇಳುತ್ತಾರೆ. ಅಧಿಕಾರದಿಂದ ಕೇಳಿದರೆ ‘ಎಲ್ಲಾ ಸರಿ ಇದೆ ಸಾರ್’ ಎಂಬ ಉತ್ತರವಷ್ಟೇ ಸಿಗುತ್ತದೆ.

ಇನ್ನು ಕಾಂಕ್ರೀಟು. ನಮ್ಮ ತಾರಸಿಗೆ ಎಂ-20 ದರ್ಜೆಯ ಮಿಶ್ರಣ: ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಎಂಜಿನಿಯರರು ಆಧಾರವಾಗಿಟ್ಟುಕೊಂಡಿದ್ದ 2000ದ ಐ.ಎಸ್. 456 ಸಂಹಿತೆಯಂತೆ, 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲಕ್ಕೆ ಇಂಥ ಮಿಶ್ರಣದಲ್ಲಿ ನೀರು 30 ಲೀಟರನ್ನು ಮೀರಬಾರದು. ತಾರಸಿ ಹಾಕುವ ದಿನ ಇದನ್ನು ಪಾಲಿಸುವುದೇ ಕಷ್ಟ. ನೀರು ಹೆಚ್ಚಾದರೆ ಕಾಂಕ್ರೀಟು ಸರಾಗವಾಗಿ ಹರಿಯುತ್ತದೆ, ಬಾಣಲೆ ಹೊರುವವರ ಶ್ರಮ ಕಡಿಮೆಯಾಗುತ್ತದೆ. ಆದರೆ ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋಗುವಾಗ ತಾನಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ; ಬಲವೂ ಕುಗ್ಗುತ್ತದೆ, ಸೋರಿಕೆಗೂ ದಾರಿಯಾಗುತ್ತದೆ. ನಾನು ಅಳತೆಯ ಬಕೆಟ್ ಒಂದನ್ನು ಹಿಡಿದು ಯಂತ್ರದ ಪಕ್ಕದಲ್ಲಿಯೇ ದಿನವಿಡೀ ನಿಂತಿದ್ದೆ. ‘ಮೇಷ್ಟ್ರು ನೀರಿಗೂ ಹಾಜರಿ ಹಾಕುತ್ತಾರೆ’ ಎಂದು ಹುಡುಗರು ನಕ್ಕರು. ನಗಲಿ; ಮಧ್ಯಾಹ್ನದ ಊಟ, ಸಂಜೆಯ ಚಹಾ ನಮ್ಮ ಮನೆಯಿಂದಲೇ ಬಂದದ್ದರಿಂದ ನಗುವಿನಲ್ಲಿ ಕಹಿ ಇರಲಿಲ್ಲ.

ಕಬ್ಬಿಣದ ಕಂಬಿ ಅಡಿಯ ಹಲಗೆಗೆ ತಾಗಿಕೊಂಡಿರಕೂಡದು. ತಾರಸಿಯಲ್ಲಿ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಅದನ್ನು ಮುಚ್ಚಿರಬೇಕು. ಅದಕ್ಕಾಗಿ ಸಿಕ್ಕ ಜಲ್ಲಿಕಲ್ಲನ್ನು ಅಡಿಗಿಡುವ ಬದಲು ಅಳತೆಯ ಸಿಮೆಂಟು ಬಿಲ್ಲೆಗಳನ್ನು ಇಡಿಸಿ. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿ ಕಾಂಕ್ರೀಟನ್ನು ಒಡೆದುಕೊಂಡು ಹೊರಬರುತ್ತದೆ. ಹಳೆಯ ಕಟ್ಟಡಗಳ ಸಜ್ಜಾಗಳಿಂದ ಉದುರುವ ಹೆಪ್ಪಳಿಕೆಗಳ ಕಥೆ ಇದೇ.

‘ಕಾಂಕ್ರೀಟು ಒಣಗಿತೇ?’ ಎಂದು ಕೇಳುವವರಿದ್ದಾರೆ. ಕಾಂಕ್ರೀಟು ಒಣಗಿ ಗಟ್ಟಿಯಾಗುವ ವಸ್ತುವೇ ಅಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ನೀರು ಬತ್ತಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಅದರ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುವುದು ಈ ಕಾರಣಕ್ಕೇ. ಸಂಹಿತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಅಥವಾ ಒಣಹವೆಯ ದಿನಗಳಲ್ಲಿ 10 ದಿನ ತೇವ ಕಾಪಾಡಬೇಕೆನ್ನುತ್ತದೆ. ನಾವು 21 ದಿನ ಕಾಪಾಡಿದೆವು. ತಾರಸಿಯ ಮೇಲೆ ಗದ್ದೆಯ ಬದುವಿನಂತೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಕಂಬಗಳಿಗೆ ಗೋಣಿತಾಟು ಸುತ್ತಿದೆವು. ಮನೆಯ ಇಡೀ ಖರ್ಚಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಬಲ ಸಿಗುವ ಕೆಲಸ ಇನ್ನೊಂದಿಲ್ಲ.

ಮರಳಿನ ಪರೀಕ್ಷೆಗೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗಾಜಿನ ಲೋಟದಲ್ಲಿ ಮರಳು ಹಾಕಿ, ಉಪ್ಪುನೀರು ಬೆರೆಸಿ, ಚೆನ್ನಾಗಿ ಕಲಕಿ ಮೂರು ಗಂಟೆ ಅಲುಗಿಸದೆ ಬಿಡಿ. ಮರಳಿನ ಮೇಲೆ ಕೂರುವ ನುಣ್ಣನೆಯ ಪದರವೇ ಮಣ್ಣು. ಅದು ದಪ್ಪವಾಗಿದ್ದರೆ ಆ ಲಾರಿಯನ್ನು ಹಿಂದಿರುಗಿಸುವುದು ಲೇಸು. ಸಿಮೆಂಟು ಚೀಲದ ಮೇಲೆ ತಯಾರಾದ ವಾರವೂ ವರ್ಷವೂ ಅಚ್ಚಾಗಿರುತ್ತವೆ. ಮೂರು ತಿಂಗಳು ದಾಟಿದ್ದನ್ನು ಒಪ್ಪಿಕೊಳ್ಳಬೇಡಿ.

ಗೋಡೆಗೆ ಗಾರೆ ಬಳಿಯುವ ಮುನ್ನ ಪ್ರತಿಯೊಂದು ಗೋಡೆಯ ಛಾಯಾಚಿತ್ರ ತೆಗೆದಿಡಿ. ಅಳತೆಯ ಪಟ್ಟಿ ಚಿತ್ರದಲ್ಲಿ ಕಾಣುವಂತಿರಲಿ. ಮುಂದೆ ಮೊಳೆ ಹೊಡೆಯುವಾಗ ಕೊಳವೆ ಎಲ್ಲಿದೆ, ತಂತಿ ಎಲ್ಲಿದೆ ಎಂದು ಊಹಿಸಬೇಕಾಗುವುದಿಲ್ಲ. ನೀರಿನ ಕೊಳವೆಗಳನ್ನು ಒತ್ತಡ ಕೊಟ್ಟು ಪರೀಕ್ಷಿಸಿದ ಮೇಲೆಯೇ ಮುಚ್ಚಿಸಬೇಕು. ಬಚ್ಚಲಿನಲ್ಲಿ ನೀರುತಡೆ ಬಳಿದ ನಂತರ ಎರಡು ದಿನ ನೀರು ನಿಲ್ಲಿಸಿ ನೋಡಿದ ಬಳಿಕವೇ ಹಂಚು ಹಾಸಬೇಕು. ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು, ಅದರೊಡನೆ ಸರಿಯಾದ ಭೂಸಂಪರ್ಕ ಇರಲೇಬೇಕು. ಇವು ಯಾವುವೂ ಗೃಹಪ್ರವೇಶದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಳೆನೀರಿನ ಲೆಕ್ಕ ಮಕ್ಕಳಿಗೂ ತಿಳಿಯುವಂಥದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. 80 ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದರೆ 48,000 ಲೀಟರು. ಐದರಲ್ಲೊಂದು ಪಾಲು ನಷ್ಟವಾದರೂ 38,400 ಲೀಟರು ಉಳಿಯಿತು. ಸಂಪನ್ನು ತೋಡುವಾಗಲೇ ಶೋಧಕಕ್ಕೂ ಕೊಳವೆಗೂ ಜಾಗ ಬಿಟ್ಟರೆ ಖರ್ಚು ಅಲ್ಪ. ಮನೆ ಮುಗಿದ ಮೇಲೆ ಅಂಗಳ ಅಗೆಸಬೇಕಾದರೆ ಇಮ್ಮಡಿ.

ಹಣದ ವಿಷಯದಲ್ಲಿ ಎರಡೇ ಮಾತು. ಕೆಲಸದ ಹಂತ ಮುಗಿದಂತೆ ಹಣ ಕೊಡಿ. ಮುಂಗಡ ದೊಡ್ಡದಾದಷ್ಟೂ ನಿಮ್ಮ ಮಾತು ಸಣ್ಣದಾಗುತ್ತದೆ. ಅಂದಾಜಿನ ಮೇಲೆ ಹತ್ತರಲ್ಲೊಂದು ಪಾಲನ್ನಾದರೂ ಯಾರಿಗೂ ಹೇಳದೆ ತೆಗೆದಿಡಿ. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್, ಇಟ್ಟಿಗೆಗಳನ್ನು ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮದಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಸಿ ತೋರಿಸಿದರು. ಮಿತವ್ಯಯವೆಂದರೆ ಇಂಥದು, ಸಿಮೆಂಟಿನಲ್ಲಿ ಕೈಬಿಗಿಹಿಡಿದು ಅಮೃತಶಿಲೆಯಲ್ಲಿ ಧಾರಾಳ ತೋರುವುದಲ್ಲ.

ನಕ್ಷೆಯಲ್ಲಿ ಬಚ್ಚಲಿನ ಬಾಗಿಲು ಎರಡೂವರೆ ಅಡಿ ಅಗಲವಿತ್ತು. ನನ್ನ ಹೆಂಡತಿ ಅದು ಮೂರು ಅಡಿಯಾಗಬೇಕು, ಹೊಸ್ತಿಲು ಇರಬಾರದು ಎಂದು ಪಟ್ಟುಹಿಡಿದಳು. ತನ್ನ ಅತ್ತೆಯನ್ನು, ಎಂದರೆ ನನ್ನ ತಾಯಿಯನ್ನು, ಇಕ್ಕಟ್ಟಾದ ಬಾಡಿಗೆ ಮನೆಯೊಂದರ ಬಚ್ಚಲಿಗೆ ಇಬ್ಬರು ಹಿಡಿದು ಓರೆಯಾಗಿ ಸಾಗಿಸುತ್ತಿದ್ದ ದಿನಗಳನ್ನು ಅವಳು ಮರೆತಿರಲಿಲ್ಲ. ‘ಈ ಮನೆಯಲ್ಲಿ ನಾವು ಮುದುಕರಾಗುವುದಕ್ಕೇ ಹೋಗುತ್ತಿರುವುದು’ ಎಂದಳು. 2022ರಲ್ಲಿ ಅವಳಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ನಾಲ್ಕು ಕಾಲಿನ ಊರುಗೋಲನ್ನು ಹಿಡಿದು, ಯಾರ ನೆರವೂ ಇಲ್ಲದೆ, ಆ ಬಾಗಿಲಿನಿಂದ ಒಳಹೋದಳು. ಇಡೀ ಮನೆಯಲ್ಲಿ ಅತ್ಯಂತ ಬೆಲೆಬಾಳುವ ಅರ್ಧ ಅಡಿ ಅದು.

ಮುಚ್ಚಿಹೋಗುವುದರಲ್ಲಿ ಮನುಷ್ಯರೂ ಸೇರಿದ್ದಾರೆಂದು ಹೇಳದೆ ಮುಗಿಸಲಾರೆ. ಗೋಡೆಗೆ ನೀರುಣಿಸಲೂ ಸಾಮಾನು ಕಾಯಲೂ ಯಾದಗಿರಿಯ ಕಡೆಯ ದಂಪತಿ ನಿವೇಶನದಲ್ಲಿಯೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಅವರೊಡನೆ ಒಂಬತ್ತು ವರ್ಷದ ಮಗಳು. ಎರಡು ವರ್ಷದಿಂದ ಶಾಲೆ ಕಂಡಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಯವರು ಸಂತೋಷದಿಂದ ನಾಲ್ಕನೆಯ ತರಗತಿಗೆ ಸೇರಿಸಿಕೊಂಡರು. ಸಂಜೆ ನಾನು ಇಟ್ಟಿಗೆಯ ಅಟ್ಟಿಯ ಪಕ್ಕದಲ್ಲಿ ಕುಳಿತು ಅವಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಹತ್ತರ ಸಾಲು, ಹನ್ನೆರಡರ ಸಾಲು ಎಣಿಸಲು ಅಟ್ಟಿಗಿಂತ ಒಳ್ಳೆಯ ಪಾಠೋಪಕರಣವುಂಟೆ?

ನಾವು ಕಟ್ಟುತ್ತಿದ್ದಾಗ ಜಾರಿಯಲ್ಲಿದ್ದ 1996ರ ಕಾಯಿದೆಯಂತೆ, ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದಿತ್ತು. ಅದಕ್ಕೆ ಕೆಲಸ ಕೊಟ್ಟವರ ದೃಢೀಕರಣ ಬೇಕು. ಮೇಸ್ತ್ರಿಯ ತಂಡದವರೂ ಆ ದಂಪತಿಯೂ ಸೇರಿ ಏಳು ಮಂದಿಗೆ ನಾನು ಸಹಿ ಮಾಡಿಕೊಟ್ಟೆ. ದಿನಚರಿಯಲ್ಲಿ ಹಾಜರಿ ಬರೆದಿಟ್ಟಿದ್ದುದರಿಂದ ಲೆಕ್ಕ ಕೊಡುವುದು ಸುಲಭವಾಯಿತು. ಮನೆ ಕಟ್ಟಿಸುವ ಮಿತ್ರರು ಕೂಲಿಯವರು ಕೇಳುವವರೆಗೆ ಕಾಯದೆ, ನಿಯಮಗಳೇನೆಂದು ತಾವೇ ವಿಚಾರಿಸಿ ಈ ಕೆಲಸ ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಎತ್ತರದಿಂದ ಬಿದ್ದವನ ಸಂಸಾರಕ್ಕೆ ಅದೇ ಆಸರೆಯಾದೀತು.

ಗೃಹಪ್ರವೇಶದ ಮೊದಲ ಪಂಕ್ತಿಯಲ್ಲಿ ಅವರನ್ನೆಲ್ಲ ಕೂರಿಸಿ ಬಡಿಸಿದೆವು. ಊಟವಾದ ಮೇಲೆ ಮೇಸ್ತ್ರಿ ಹೊಸ ನೆಲದ ಮೇಲೆ ಒಂದು ಲೋಟ ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ಬಗ್ಗಿ ನೋಡಿದರು. ನೀರು ಮೋರಿಯ ಕಡೆಗೇ ಹೋಯಿತು. ಆಮೇಲಷ್ಟೇ ಅವರು ತಾಂಬೂಲ ತೆಗೆದುಕೊಂಡರು.