ಹ್ಯಾಂಡಲ್ ಲಾಕ್ ಮಾಡ್ಬೇಡಿ ಸಾರ್

ಬೆಂಗಳೂರಿನ ಯಾವ ಪೇ ಪಾರ್ಕಿಂಗಿಗೆ ಬೈಕ್ ನುಗ್ಗಿಸಿದರೂ ಚೀಟಿ ಹರಿಯುವ ಹುಡುಗ ದುಡ್ಡಿಗೆ ಕೈ ಚಾಚುವ ಮೊದಲು ಹೇಳುವ ಮಾತಿದು. ಶೋರೂಮಿನವರು, ಪೊಲೀಸರು, ಮನೆಯ ಹಿರಿಯರು ಸೇರಿ ವರ್ಷಗಟ್ಟಲೆ ಕಿವಿ ಹಿಂಡಿ ಕಲಿಸಿದ ಒಂದೇ ಒಂದು ಒಳ್ಳೆಯ ಅಭ್ಯಾಸವನ್ನು, ದುಡ್ಡು ಕೊಟ್ಟು ಗಾಡಿ ನಿಲ್ಲಿಸುವ ಜಾಗದಲ್ಲೇ ಬಿಡಬೇಕು. ಅವನ ಕಷ್ಟವೂ ಸುಳ್ಳಲ್ಲ. ಐವತ್ತು ಗಾಡಿ ಹಿಡಿಸುವಲ್ಲಿ ಎಂಬತ್ತು ತುಂಬಿರುತ್ತಾನೆ. ಒಳಸಾಲಿನವರು ಬಂದು 'ನಂದು ಆ ಕಪ್ಪು ಪಲ್ಸರ್' ಅಂದರೆ, ಅಡ್ಡ ನಿಂತ ಗಾಡಿಗಳ ಹಿಂಭಾಗವನ್ನು ಒಂದೊಂದಾಗಿ ಹಿಡಿದು, ಮೊಣಕಾಲು ಕೊಟ್ಟು ಎತ್ತಿ, ಗೇಣುಗೇಣು ಸರಿಸುತ್ತಾ ದಾರಿ ಬಿಡಿಸಬೇಕು. ನಡುವೆ ಲಾಕ್ ಆದ ಹ್ಯಾಂಡಲ್ ಒಂದಿದ್ದರೆ ಆ ಸಾಲು ಅಲುಗುವುದಿಲ್ಲ. ಸಂಜೆ ನಾವು ವಾಪಸು ಬಂದರೆ ಗಾಡಿ ಇಟ್ಟ ಜಾಗದಲ್ಲಿ ಇರುವುದಿಲ್ಲ. ಮೂರು ಸಾಲು ಆಚೆ, ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿಕೊಂಡು ನಿಂತಿರುತ್ತದೆ. ಎದೆ ಒಮ್ಮೆ ಧಸಕ್ಕೆನ್ನುವುದು ಮಾತ್ರ ತಪ್ಪಿದ್ದಲ್ಲ.

ಚೀಟಿಯಲ್ಲಿ ಇನ್ನೊಂದು ತಮಾಷೆ ಇರುತ್ತದೆ. ಸಣ್ಣಕ್ಷರದಲ್ಲಿ, 'ವಾಹನ ಮಾಲೀಕರ ಸ್ವಂತ ಜವಾಬ್ದಾರಿ'. ಹಾಗಾದರೆ ದುಡ್ಡು ಯಾತಕ್ಕೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ, ನಿಲ್ಲಿಸಿಕೊಡುವಂತೆ ಸಿಬ್ಬಂದಿಯ ಕೈಗೆ ಕೀಲಿ ಒಪ್ಪಿಸಿದ್ದ ಅತಿಥಿಯೊಬ್ಬರ ಮಾರುತಿ ಝೆನ್ ಕಳುವಾಯಿತು. ಟೋಕನ್ ಮೇಲೆ ಇಂಥದ್ದೇ ಸಾಲು ಅಚ್ಚಾಗಿತ್ತು. ಆ ಸಾಲನ್ನು ತೋರಿಸಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಕೋರ್ಟು ಹೇಳಿದ್ದು 2019ರ ನವೆಂಬರಿನಲ್ಲಿ. ಅಷ್ಟರಲ್ಲಿ ಝೆನ್ ಕಾರಿನ ತಯಾರಿಕೆಯೇ ನಿಂತುಹೋಗಿತ್ತು. ಆದರೆ ಅಲ್ಲಿ ಕೀಲಿ ಕೈಬದಲಾದದ್ದೇ ಮುಖ್ಯವಾಯಿತು. ಬೈಕಿನವರು ಕೀಲಿಯನ್ನು ಜೇಬಿಗಿಳಿಸಿ ಹೋಗುವವರು. ಹ್ಯಾಂಡಲ್ ಮಾತ್ರ ಬಿಟ್ಟುಕೊಡುತ್ತೇವೆ. ನಮ್ಮ ವಾದ ಅಷ್ಟು ಸಲೀಸಾಗಿ ನಿಲ್ಲಲಾರದು.

ಎಲ್ಲಿ ನಿಲ್ಲಿಸಬಾರದು ಎಂಬುದಕ್ಕೆ ಕಾನೂನಿನಲ್ಲಿ ಕೊರತೆಯಿಲ್ಲ. ಫುಟ್‌ಪಾತ್ ಮೇಲೆ ಬೇಡ, ತಿರುವಿನಲ್ಲಿ ಬೇಡ, ಬಸ್ ಸ್ಟಾಪಿನ ಹತ್ತಿರ ಬೇಡ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ಬೇಡ, ಜೀಬ್ರಾ ಪಟ್ಟಿಯ ಬಳಿ ಬೇಡ, ನಿಂತ ಗಾಡಿಯ ಪಕ್ಕಕ್ಕೆ ಇನ್ನೊಂದು ಸಾಲು ಬೇಡ. ಇಷ್ಟನ್ನೂ ಪಾಲಿಸಿ ಅವೆನ್ಯೂ ರಸ್ತೆಯಲ್ಲಿ ಹೊರಟರೆ ಗಾಡಿಯನ್ನು ಹೆಗಲ ಮೇಲೆ ಹೊತ್ತು ಪುಸ್ತಕ ಕೊಳ್ಳಬೇಕಾಗುತ್ತದೆ.

ಇದರ ಮೇಲೆ ಸಮ-ಬೆಸ ಬೋರ್ಡು. ಸಮ ದಿನಾಂಕಕ್ಕೆ ರಸ್ತೆಯ ಈ ಬದಿ, ಬೆಸ ದಿನಾಂಕಕ್ಕೆ ಆ ಬದಿ. ಅಂಗಡಿಯವರಿಗೆ ಸಮನಾಗಿ ಹಂಚಿದ ಹಾಗಾಯಿತು ಅಂದುಕೊಳ್ಳಬೇಡಿ. 31ನೇ ತಾರೀಖೂ ಬೆಸ, ಮರುದಿನ 1ನೇ ತಾರೀಖೂ ಬೆಸ. ವರ್ಷಕ್ಕೆ ಏಳು ಸಲ ಬೆಸ ಬದಿಯವರ ಅಂಗಡಿ ಮುಂದೆ ಎರಡು ದಿನ ಸತತ ಗಾಡಿಗಳು. ಅಧಿಕ ವರ್ಷವಾದರೆ ಫೆಬ್ರುವರಿ 29ರದ್ದೂ ಸೇರಿ ಎಂಟು ಸಲ. ಸಂಬಳ ಕೈಗೆ ಬಂದು ಗಿರಾಕಿಗಳು ಹೊರಡುವ ಹೊತ್ತೂ ಅದೇ. ಬೋರ್ಡಿನಲ್ಲಿ ಹೊತ್ತಿನ ಮಾತು ಇಲ್ಲದ ಕಡೆ ಇನ್ನೊಂದು ಪೇಚು. ರಾತ್ರಿ ಹತ್ತಕ್ಕೆ ಸರಿಯಾದ ಬದಿಯಲ್ಲಿ ನಿಂತ ಗಾಡಿ, ನಾವು ಮಲಗಿದ್ದಾಗಲೇ ಹನ್ನೆರಡು ಹೊಡೆದ ಕೂಡಲೇ ತಪ್ಪಿತಸ್ಥ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಕ್ಯಾಲೆಂಡರ್ ನೋಡುವವರ ಬೀದಿಗಳು ನಮ್ಮಲ್ಲಿವೆ.

ಸರ್ಕಾರದ ಬೋರ್ಡು ಹೀಗಾದರೆ, ಗೇಟಿನವರ ಬೋರ್ಡು ಬೇರೆಯೇ ಸಾಹಿತ್ಯ. 'ನೋ ಪಾರ್ಕಿಂಗ್' ಎಂಬುದು ದೊಡ್ಡದಾಗಿ, ಕೆಳಗೆ ಯಾವುದೋ ಸೈಟು ಮಾರುವವರ ಫೋನ್ ನಂಬರು. ಇನ್ನು ಕೆಲವು ಕಡೆ, 'ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು'. ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪೇ, ಅದಕ್ಕೆ ಬೋರ್ಡೇ ಬೇಕಿಲ್ಲ. ಆದರೆ ಗೇಟಿನಾಚೆಯ ಕಾಂಪೌಂಡ್ ಉದ್ದಕ್ಕೂ ಹೂಕುಂಡ, ಕಲ್ಲು, ತುಕ್ಕು ಹಿಡಿದ ಗ್ರಿಲ್ ಇಟ್ಟು ರಸ್ತೆಯನ್ನೇ ಸ್ವಂತ ಮಾಡಿಕೊಳ್ಳುವವರಿಗೆ ಯಾವ ಹಕ್ಕೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ನಿನಂತೆ ರಸ್ತೆಗೆ ಸಂಚಾರ ಫಲಕ ಹಾಕುವ ಅಧಿಕಾರ ಸರ್ಕಾರಕ್ಕೆ ಮತ್ತು ಅದು ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಇದನ್ನು ಗೇಟಿನೊಳಗಿನ ಯಜಮಾನರಿಗೆ ಹೇಳಲು ಹೋಗಬೇಡಿ. ಸೆಕ್ಷನ್ ನಿಮ್ಮ ಕಡೆ ಇರಬಹುದು, ಟೈರಿನ ವಾಲ್ವ್ ಅವರ ಕಡೆ ಇರುತ್ತದೆ.

ಕಳ್ಳರ ಭಯವೊಂದನ್ನೇ ನೋಡಿದರೆ ನನ್ನ ಮಟ್ಟಿಗೆ ಹೂ ಮಾರುವ ಅಜ್ಜಿಯ ಪಕ್ಕದಷ್ಟು ಭದ್ರವಾದ ಜಾಗ ಇಲ್ಲ.

'ಅಜ್ಜಿ, ಸ್ವಲ್ಪ ಗಾಡಿ ಕಡೆ ನೋಡ್ಕೊಳ್ಳಿ.'

'ನೋಡ್ಕೋತೀನಿ ಕಣಪ್ಪ, ಬರ್ತಾ ಒಂದು ಮೊಳ ತಗೊಂಡ್ಹೋಗು.'

ಬರುವಷ್ಟರಲ್ಲಿ ಮಲ್ಲಿಗೆ ಎಲೆಯಲ್ಲಿ ಕಟ್ಟಿ, ದಾರ ಸುತ್ತಿ ಇಟ್ಟಿರುತ್ತಾಳೆ; ಬೇಡ ಅನ್ನುವ ಹಾಗಿಲ್ಲ. ಗಾಂಧಿ ಬಜಾರಿನ ಆಚೀಚೆ ಈ ಒಪ್ಪಂದದಲ್ಲಿ ನಿಲ್ಲುವ ಗಾಡಿಗಳು ಕಡಿಮೆಯೇನಲ್ಲ. ಅವಳು ಕಾಯುವುದು ಕಳ್ಳರಿಂದ. ಪೊಲೀಸರು ಬಂದರೆ ತನ್ನ ಬುಟ್ಟಿಯನ್ನೇ ಎತ್ತಿಕೊಂಡು ಓಡಬೇಕು, ನಮ್ಮ ಬೈಕನ್ನು ಕಾಪಾಡು ಅನ್ನುವುದು ನ್ಯಾಯವಲ್ಲ.

ಪೊಲೀಸರೆಂದರೆ ಬೆಂಗಳೂರಿನವರಿಗೆ ನೆನಪಾಗುವುದು ಟೋಯಿಂಗ್ ಲಾರಿ. ಮೈಕಿನಲ್ಲಿ ನಂಬರ್ ಕೂಗುತ್ತಾ ಬರುತ್ತಿತ್ತು. ಕೂಗು ಮುಗಿಯುವ ಮುಂಚೆಯೇ ಹುಡುಗರು ಹಾರಿ, ಬೈಕನ್ನು ಹಿಂದೆ ಮುಂದೆ ಹಿಡಿದು ಮೇಲೆಸೆಯುತ್ತಿದ್ದರು. ಹೋಟೆಲಿನಿಂದ ಎಂಜಲುಗೈಯಲ್ಲೇ ಓಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಜನರ ಬೈಗುಳ ಹೆಚ್ಚಾಗಿ 2022ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕಾನೂನೇನೂ ಹೋಗಿಲ್ಲ. ನಿಷೇಧವಿದ್ದಲ್ಲಿ ನಿಂತ ಗಾಡಿಯನ್ನಾಗಲಿ, ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಮೀರಿ ಬಿಟ್ಟುಹೋದ ಗಾಡಿಯನ್ನಾಗಲಿ ಎತ್ತಿಸಲು 127ನೇ ಸೆಕ್ಷನ್ ಈಗಲೂ ಇದೆ. ಅದೂ ಬೇಡವಾದರೆ ಫೋನಿನಲ್ಲಿ ಒಂದು ಫೋಟೊ ಸಾಕು, ದಂಡ ನಂಬರ್ ಪ್ಲೇಟಿಗೆ ಅಂಟಿಕೊಳ್ಳುತ್ತದೆ.

ಹಾಗಾಗಿ ನಾನು ಪೇ ಪಾರ್ಕಿಂಗ್ ಪಕ್ಷ, ಹ್ಯಾಂಡಲ್ ಕಥೆ ಏನೇ ಇರಲಿ. ಚಿಕ್ಕಪೇಟೆಗೆ ಹೋಗುವವರು ಗಾಡಿಯನ್ನು ಅಲ್ಲಿಗೇ ಒಯ್ಯುವುದು ದಡ್ಡತನ. ನಾಗಸಂದ್ರದ ಕಡೆಯವರು ಮೆಟ್ರೊ ನಿಲ್ದಾಣದಲ್ಲೇ ಬಿಟ್ಟು ರೈಲು ಹತ್ತಿದರೆ ಚಿಕ್ಕಪೇಟೆಯ ಹೆಸರಿನದೇ ನಿಲ್ದಾಣದಲ್ಲಿ ಇಳಿಯಬಹುದು. 2017ರಿಂದ ಆ ಅನುಕೂಲ ಇದೆ. ಗಾಂಧಿನಗರಕ್ಕಾದರೆ ಫ್ರೀಡಂ ಪಾರ್ಕಿನ ಬಹುಮಹಡಿ ಪಾರ್ಕಿಂಗ್. 2024ರಲ್ಲಿ ತೆರೆದದ್ದು, ನಾನೂರಕ್ಕೂ ಹೆಚ್ಚು ಬೈಕ್ ಹಿಡಿಸುತ್ತದೆ. ಹಿಂದೆ ಸೆಂಟ್ರಲ್ ಜೈಲಿದ್ದ ಪ್ರದೇಶ, ಕಾವಲಿಗೆ ಹೆಸರಾದದ್ದೇ. ಅದನ್ನು ಬಿಟ್ಟು, ನಾಲ್ಕು ಹೆಜ್ಜೆ ನಡೆಯಲಾರದೆ ಅಂಗಡಿಯ ಮೆಟ್ಟಿಲಿಗೇ ಚಕ್ರ ತಾಗಿಸುವವರ ಬಗ್ಗೆ ನನಗೆ ಕನಿಕರವಿಲ್ಲ. ಫುಟ್‌ಪಾತಿಗೆ ಗಾಡಿ ಹತ್ತಿಸುವವರ ಬಗ್ಗೆಯಂತೂ ಸಿಟ್ಟೇ ಇದೆ, ನಡೆಯುವವರನ್ನು ಬಸ್ಸಿನ ಬಾಯಿಗೆ ದೂಡುವ ಕೆಲಸ ಅದು.

ಹೆಲ್ಮೆಟ್ ವಿಷಯ ಹೇಳಿ ಪ್ರಯೋಜನವಿಲ್ಲ. 2016ರಿಂದ ಹಿಂದೆ ಕೂತವರಿಗೂ ಕಡ್ಡಾಯವಾಗಿ ಎರಡೆರಡಾಗಿವೆ. ಗಾಡಿಗೆ ನೇತುಹಾಕಿದರೆ ಪಟ್ಟಿ ಕತ್ತರಿಸುತ್ತಾರೆ, ಕೈಯಲ್ಲಿ ಹಿಡಿದರೆ ಸೀರೆ ಅಂಗಡಿಯಲ್ಲಿ ಇಡಲು ಜಾಗವಿಲ್ಲ.

ಇಷ್ಟೆಲ್ಲ ಮಾಡಿಯೂ ಗಾಡಿ ಹೋಯಿತು ಅನ್ನಿ. ಎಫ್‌ಐಆರ್ ಆದಮೇಲೆ ಇನ್ಶೂರೆನ್ಸಿನವರು ಕೇಳುವುದು ಕೊಳ್ಳುವಾಗ ಕೊಟ್ಟ ಎರಡೂ ಕೀಲಿಗಳನ್ನು. ಎರಡನೆಯದು ಯಾವ ಡಬ್ಬಿಯಲ್ಲಿದೆ ಅಂತ ಇವತ್ತೇ ಹುಡುಕಿ ಇಟ್ಟುಕೊಳ್ಳಿ.