ಬೀಬಿಯ ಕೈ

ನಮ್ಮ ಮೈಸೂರಿನ ಮನೆಗಳಲ್ಲಿ 'ಕೂರಿಸುವುದು' ಎಂಬ ಮಾತಿಗೆ ದೊಡ್ಡ ಮರ್ಯಾದೆಯಿದೆ. ಭಾದ್ರಪದದಲ್ಲಿ ಗೌರಿ ಕೂರಿಸುತ್ತೇವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತೇವೆ. ಸುತ್ತಮುತ್ತಲ ಊರುಗಳಲ್ಲಿ ಮೊಹರಂ ಬಂದರೆ ಬಾಬಯ್ಯನನ್ನು ಕೂರಿಸುತ್ತಾರೆ. ದೇವರು ಯಾರದಾದರೂ ಆಗಲಿ, ಕ್ರಿಯಾಪದ ಮಾತ್ರ ಒಂದೇ. ಕೂರಿಸಿದ ಮೇಲೆ ಎಬ್ಬಿಸಿ ಕಳಿಸಲೇಬೇಕೆಂಬ ನಿಯಮವೂ ಒಂದೇ. ಗೌರಿ ನೀರಿಗೆ, ಗೊಂಬೆ ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆಗೆ, ಬಾಬಯ್ಯನೂ ಮಿಂದು ಮಡಿಯಾಗಿ ತನ್ನ ಪೆಟ್ಟಿಗೆಗೆ.

ಕಲಾಶಾಲೆಗಳಲ್ಲಿ ಕಲಿಯುವ ಮಕ್ಕಳು ಇನ್‌ಸ್ಟಲೇಷನ್ ಎನ್ನುವುದನ್ನು ಕನ್ನಡದಲ್ಲಿ 'ಪ್ರತಿಷ್ಠಾಪನಾ ಕಲೆ' ಎನ್ನುತ್ತಾರೆ. ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಪೀಠದ ಮೇಲಿನ ಶಿಲ್ಪವೂ ಅಲ್ಲ. ಒಂದು ಜಾಗದಲ್ಲಿ ಸಾಮಾನುಗಳನ್ನು ಅರ್ಥ ಬರುವಂತೆ ಇಟ್ಟು, ನೋಡುವವರು ಅವುಗಳ ನಡುವೆ ಓಡಾಡುವಂತೆ ಮಾಡುವುದು. ಪ್ರದರ್ಶನ ಮುಗಿದ ಮೇಲೆ ಕಳಚಿ ತೆಗೆಯುವುದು. ಇದನ್ನು ಕೇಳಿ ಬೆರಗಾಗುವಂಥದ್ದು ನಮಗೇನಿದೆ ಹೇಳಿ? ತಲೆತಲಾಂತರದಿಂದ ಹೆಂಗಸರು ನಡುಮನೆಯಲ್ಲಿ ಮಾಡುತ್ತ ಬಂದದ್ದೂ ಹೆಚ್ಚುಕಡಿಮೆ ಅದೇ. ನಮಗೆ ಯಾರೂ ಕಲಾವಿದೆಯರೆಂಬ ಬಿರುದು ಕೊಡಲಿಲ್ಲ, ಅಷ್ಟೆ.

ನನಗೆ ಕುತೂಹಲ ಹುಟ್ಟಿಸಿದ್ದು ಬಾಬಯ್ಯ. ಹಾಗೆಂದು ನಾವು ಕರೆಯುವುದು ಪಂಜಾಗಳನ್ನು. ಉದ್ದನೆಯ ಕೋಲಿನ ತುದಿಯಲ್ಲಿ ಲೋಹದ ಒಂದು ಹಸ್ತ. ಅದಕ್ಕೆ ಬಣ್ಣದ ಬಟ್ಟೆ, ಹೂವಿನ ಹಾರ. ಹರಕೆ ಹೊತ್ತವರು, ಮುಸ್ಲಿಮರಾಗಲಿ ಅಲ್ಲದವರಾಗಲಿ, ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಮುಖವಿಲ್ಲ, ಕಣ್ಣಿಲ್ಲ, ಬರೀ ಕೈ. ಅದರ ಐದು ಬೆರಳೆಂದರೆ ಐವರು ಎಂದು ನಂಬಿಕೆ: ಪ್ರವಾದಿ ಮುಹಮ್ಮದರು, ಅವರ ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್. ಐವರಲ್ಲಿ ಹೆಂಗಸು ಒಬ್ಬಳೇ. ತಂದೆ ತೀರಿಕೊಂಡ 632ರಲ್ಲೇ, ಕೆಲವು ತಿಂಗಳ ಅಂತರದಲ್ಲಿ, ಎಳೆಯ ಮಕ್ಕಳನ್ನು ಬಿಟ್ಟು ಕಣ್ಣು ಮುಚ್ಚಿದವಳು ಬೀಬಿ ಫಾತಿಮಾ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಮಗ ಹುಸೇನ್ ಕೊಲೆಯಾದಾಗ ಅಳಲು ಆಕೆ ಇರಲಿಲ್ಲ. ಆಕೆಯ ಪರವಾಗಿ ಲೋಕವೇ ಅಳುತ್ತಿದೆಯೇನೋ ಎನ್ನುವ ಹಾಗೆ ಮೊಹರಂ ನಡೆಯುತ್ತದೆ. ದೂರದ ಅರಬ್ ನಾಡುಗಳಲ್ಲಿ ಬಾಗಿಲ ಮೇಲೆ, ಕೊರಳ ತಾಯಿತದಲ್ಲಿ ಕಾಣುವ ಹಸ್ತಕ್ಕೂ 'ಫಾತಿಮಾಳ ಕೈ' ಎಂದೇ ಹೆಸರು.

ಕೈಯೇ ಏಕೆ? ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ಮುಸ್ಲಿಂ ಹೆಂಗಸಿದ್ದಾರೆ, ಎಲ್ಲರಿಗೂ ಆಪಾ. ಕರಿಬೇವಿಗೆಂದು ಬಂದವರನ್ನು ಕೂರಿಸಿಕೊಂಡು ಕೇಳಿದೆ.

"ನಮ್ಮನೇಲಿ ಪಂಜಾ ಕೂರಿಸಲ್ಲಮ್ಮಾ. ಹಂಗೆಲ್ಲ ಇಡಬಾರದು ಅಂತಾರೆ ನಮ್ಮೋರು. ಆದ್ರೆ ಬೀಬೀದು ಕೈ ಅಂದ್ರಲ್ಲ, ಅದು ಬೇರೆ ಕತೆ" ಎಂದು ಹದೀಸಿನ ಒಂದು ಪ್ರಸಂಗ ಹೇಳಿದರು.

ಫಾತಿಮಾಳ ಮನೆ ಬಡವರ ಮನೆ. ದಿನವೂ ಬೀಸುವ ಕಲ್ಲು ತಿರುವಿ ತಿರುವಿ ಅಂಗೈ ಬೊಬ್ಬೆ ಬಂದಿತ್ತು. ನೀರು ಸೇದಿ ಸೇದಿ ಗಂಡ ಅಲಿಗೂ ಎದೆನೋವು. ತಂದೆಯ ಬಳಿ ಸೆರೆಯಾಳುಗಳು ಬಂದಿದ್ದಾರೆಂದು ತಿಳಿದು, ಕೆಲಸಕ್ಕೊಬ್ಬ ಆಳು ಕೇಳೋಣವೆಂದು ಹೋದಳು. ತಂದೆ ಮನೆಯಲ್ಲಿರಲಿಲ್ಲ, ಆಯಿಷಾ ಅವರಿಗೆ ಹೇಳಿ ಬಂದಳು. ರಾತ್ರಿ ಮಲಗುವ ಹೊತ್ತಿಗೆ ತಂದೆಯೇ ಬಂದರು. ಹಸಿದ ಹೊಟ್ಟೆಯ ಬಡವರು ಮಸೀದಿಯ ಜಗಲಿಯಲ್ಲಿರುವಾಗ ನಿನಗೆ ಹೇಗೆ ಕೊಡಲಿ ಎಂದರು. ಆಳಿಗಿಂತ ಮೇಲಾದದ್ದನ್ನು ಹೇಳಿಕೊಡುತ್ತೇನೆಂದು, ಮಲಗುವ ಮುನ್ನ ಮೂರು ನಾಮಗಳನ್ನು ಜಪಿಸಲು ಹೇಳಿದರು. ಎರಡನ್ನು 33 ಸಲ, ಒಂದನ್ನು 34 ಸಲ, ಒಟ್ಟು ನೂರು. ಅದಕ್ಕೆ ಫಾತಿಮಾಳ ತಸ್ಬೀಹ್ ಎಂದೇ ಹೆಸರು. ಆಪಾ ತಮ್ಮ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ ತೋರಿಸಿದರು. ನಮ್ಮತ್ತೆ ರಾಮನಾಮ ಎಣಿಸುತ್ತಿದ್ದದ್ದೂ ಹಾಗೇ.

ಕತೆ ಕೇಳಿ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. "ಕೈನೋವು ಅಂದವಳಿಗೆ ಜಪ ಮಾಡು ಅಂದರೆ ಹೇಗೆ ಆಪಾ? ನಮಗೂ ಎಲ್ಲರೂ ಹೇಳುವುದು ಅದನ್ನೇ" ಎಂದೆ. ಆಪಾ ನಕ್ಕರು. "ಕೇಳೋಕೆ ಹೋದ್ಲಲ್ಲಮ್ಮಾ, ಅದು ನೋಡಿ. ಕೈನೋವು ಅಂತ ಬಾಯಿಬಿಟ್ಟು ಹೇಳಿದ್ಲು. ಸಾವಿರದ ನಾಕುನೂರು ವರ್ಷ ಆದ್ರೂ ಅದನ್ನ ಯಾರೂ ಅಳಿಸಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ನೆಲದಲ್ಲೂ ಹೆಣ್ಣಿನ ಕೈಯನ್ನು ನಿಲ್ಲಿಸಿದ್ದಾರೆ. ಊರಾಚೆ ಹೊಲದಂಚಿನಲ್ಲಿ ಮಾಸ್ತಿಕಲ್ಲುಗಳನ್ನು ನೋಡಿರುತ್ತೀರಿ. ಕಂಬದಿಂದ ಮೇಲೆದ್ದ, ಮೊಣಕೈ ಬಾಗಿದ ತೋಳು. ತುಂಬ ಬಳೆ, ಕೆಲವೊಮ್ಮೆ ಹಿಡಿಯಲ್ಲೊಂದು ನಿಂಬೆಹಣ್ಣು. ಗಂಡನೊಡನೆ ಬೆಂಕಿಗೆ ಬಿದ್ದವಳ ಗುರುತು ಅದು. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವಿದೆ. ಹೆತ್ತವರು ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕ ದೇಕಬ್ಬೆಯ ಕತೆ ಅದರಲ್ಲಿದೆ. ಅವಳು ಬದುಕಿದ್ದಾಗ ಆ ಕೈ ಎಷ್ಟು ಬೀಸಿತು, ಎಷ್ಟು ಜನಕ್ಕೆ ಬಡಿಸಿತು ಎಂಬುದಕ್ಕೆ ಕಲ್ಲಿಲ್ಲ. ಅದಕ್ಕೇ ಬೊಬ್ಬೆ ಬಂದ ಕೈಯ ಕತೆ ನನಗೆ ಅಪರೂಪವೆನ್ನಿಸಿತು. ಅದು ಸತ್ತದ್ದಕ್ಕಾಗಿ ಪೂಜ್ಯವಾದ ಕೈಯಲ್ಲ, ದುಡಿದ ಕೈ.

ಈ ಕಾಲದ ಕಲಾವಿದೆಯೊಬ್ಬರು ಇದಕ್ಕೆ ಹತ್ತಿರದ ಕೆಲಸ ಮಾಡಿದ್ದರು. ರುಮಾನಾ ಹುಸೇನ್ 1952ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು. ಮೊದಲು ಚಿತ್ರ ಬರೆಯುತ್ತಿದ್ದರು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಉರುಳಿದ ಮೇಲೆ ಕ್ಯಾನ್‌ವಾಸು ಅವರಿಗೆ ಸಾಲದಾಯಿತು. 1995ರಲ್ಲಿ ಮುಂಬಯಿಯಲ್ಲಿ, ಹೋಳು ಮಾಡಿದ ಪರಂಗಿ ಹಣ್ಣು ಹಿಡಿದು, ಕೂಗು ಹೊರಡದ ಬಾಯಿ ತೆರೆದುಕೊಂಡು ಜನರ ಮುಂದೆ ನಡೆದರು. 1997ರಲ್ಲಿ ಬೇಗಂ ಹಜ್ರತ್ ಮಹಲ್ ಅವರ ಸಮಾಧಿಯೆಂಬ ಪ್ರತಿಷ್ಠಾಪನೆ ಮಾಡಿದರು. 1857ರಲ್ಲಿ ಲಕ್ನೋದಲ್ಲಿ ಇಂಗ್ಲಿಷರಿಗೆ ಇದಿರಾಗಿ ನಿಂತ ಬೇಗಂ, 1879ರಲ್ಲಿ ಪರದೇಶಿಯಾಗಿ ಕಠ್ಮಂಡುವಿನಲ್ಲಿ ತೀರಿಕೊಂಡವರು. ತನ್ನೂರಿನಲ್ಲಿ ಮಣ್ಣಾಗದವಳಿಗೆ ಇನ್ನೊಬ್ಬಳು ಹೆಂಗಸು ತನ್ನ ಕೈಯಾರೆ ಒಂದು ಜಾಗ ಮಾಡಿಕೊಟ್ಟಂತಾಯಿತು.

ಅಷ್ಟರಲ್ಲಿ ರುಮಾನಾ ಅವರನ್ನೇ ಕ್ಯಾನ್ಸರ್ ಹಿಡಿದಿತ್ತು. ಅವರ ಕೊನೆಯ ಕೃತಿಗಳಲ್ಲೊಂದು 1999ರದು. ವಾಸಿಯಾಗುವ ಜಾಗ ಎಂಬರ್ಥದ ಹೆಸರು. ಲೋಹದ ಸಲಕರಣೆಗಳು, ಬಟ್ಟೆ, ಪ್ಲಾಸ್ಟಿಕ್ ಸಾಮಾನು. ಅವಕ್ಕೆ ಚಿನ್ನದ ಬಣ್ಣ, ಕುಂಕುಮದ ಕೆಂಪು. ಆಸ್ಪತ್ರೆಯೋ ದರ್ಗಾವೋ ಹೇಳಲಾಗದು. ಅದು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಲಾಭವನದಲ್ಲಿದೆ. ಅದೇ ವರ್ಷ ಅವರು ತೀರಿಕೊಂಡರು. ಇದರಲ್ಲೂ ಮುಖಗಳಿಲ್ಲ, ಕೈ ಮುಟ್ಟಿದ ಸಾಮಾನುಗಳಿವೆ.

ನಮ್ಮ ಊರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಓದುವ ಹುಡುಗಿ ಯಾರಾದರೂ ಬೀಬಿಯನ್ನು ಕೂರಿಸುವುದಾದರೆ ಏನಿಡಬೇಕು ಎಂದು ಯೋಚಿಸಿದ್ದೇನೆ. ಚಿತ್ರ ಬೇಡ, ಅದು ಅವರ ಮನಸ್ಸಿಗೆ ನೋವು. ಒಂದು ರಾಗಿಕಲ್ಲು, ಸುತ್ತ ಚೆಲ್ಲಿದ ಹಿಟ್ಟು, ಪಕ್ಕದಲ್ಲಿ ನೂರು ಮಣಿ. ಸಾಕು. ಆಪಾ ಇದಕ್ಕೂ ಒಂದು ಮಾತು ಹೇಳಿದರು: "ಕಲ್ಲು ಇಟ್ಟರೆ ಆಯ್ತಾ? ಯಾರಾದ್ರೂ ಬೀಸಬೇಕಲ್ಲ?"

ನಿಜ. ನಮ್ಮಲ್ಲಿ ಅನೇಕರ ಮನೆಯ ರಾಗಿಕಲ್ಲು ಈಗ ಹಿತ್ತಲಲ್ಲಿ ಕ್ರೋಟನ್ ಕುಂಡ ಹೊತ್ತು ನಿಂತಿದೆ. ನಮ್ಮ ಅಂಗೈ ಮೆತ್ತಗಾಗಿದೆ. ಆಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಬೊಬ್ಬೆ ಲೋಕ ಬಿಟ್ಟುಹೋಗಿಲ್ಲ, ಮನೆ ಬದಲಾಯಿಸಿದೆ. ಬೆಳಿಗ್ಗೆ ಐದು ಮನೆಯ ಪಾತ್ರೆ ತಿಕ್ಕಿ ಬರುವವಳ ಬೆರಳ ಸಂದಿಯಲ್ಲಿ, ಸೋಪಿನ ಪುಡಿ ತಿಂದ ಚರ್ಮದಲ್ಲಿ ಇದೆ. ಫಾತಿಮಾ ಆಳು ಬೇಕೆಂದು ಕೇಳಿದಳು. ಇವಳು ಕೇಳುವುದು ವಾರಕ್ಕೊಂದು ರಜೆ, ಇನ್ನೂರು ರೂಪಾಯಿ ಜಾಸ್ತಿ. ಕೇಳುವಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ನಾವು ಹೂ ಏರಿಸುವ ಕೈ ಯಾವ ಧರ್ಮದ್ದಾದರೂ ಆಗಲಿ, ಮುಚ್ಚಿಟ್ಟ ಈ ಕೈಯನ್ನು ಬಿಡಿಸಿ ನೋಡದಿದ್ದರೆ ಆ ಹೂವು ಯಾರಿಗೆ ಮುಟ್ಟೀತು?