ಹಾಡಿಗೆ ಒಗ್ಗರಣೆ ಎಷ್ಟು?

ಒಗ್ಗರಣೆಯ ವಿಷಯದಲ್ಲಿ ಅಡುಗೆ ಬಲ್ಲವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಾಸಿವೆ ಸಿಡಿಯಬೇಕು, ಕರಿಬೇವು ಘಮ್ಮೆನ್ನಬೇಕು, ಇಂಗು ಇದ್ದೂ ಇಲ್ಲದಂತಿರಬೇಕು. ಇಷ್ಟೆಲ್ಲ ಆದ ಮೇಲೂ ಬೇಳೆಯ ರುಚಿ ಬೇಳೆಯದಾಗಿಯೇ ಉಳಿಯಬೇಕು. ಇಷ್ಟು ಸರಳವಾದ ನಿಯಮವನ್ನು ನಾವು ಹಾಡಿನ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಹೊರನಾಡಿನ ಸಂಘಗಳ ರಾಜ್ಯೋತ್ಸವಕ್ಕೆಂದು ಮುದ್ರಿಸಿದ ಹಾಡುಗಳು ಈಗ ಕಾರ್ತಿಕ ಮಾಸದ ದೀಪಗಳ ಹಾಗೆ ಸಾಲುಸಾಲಾಗಿ ನಮ್ಮ ಮೊಬೈಲಿಗೆ ಬರುತ್ತವೆ. ಕೇಳಿ ನೋಡಿ: ವಾದ್ಯಗಳ ಜಾತ್ರೆ ಭರ್ಜರಿಯಾಗಿರುತ್ತದೆ, ಆ ಜಾತ್ರೆಯಲ್ಲಿ ಕೈತಪ್ಪಿದ ಕೂಸಿನಂತೆ ಕನ್ನಡದ ಮಾತು ಎಲ್ಲೋ ಅಳುತ್ತ ನಿಂತಿರುತ್ತದೆ.

ಈ ವಿಷಯ ನನಗೆ ತಲೆಗೆ ಹತ್ತಿದ್ದು ನಮ್ಮ ಮನೆಯ ಒಂದು ಜೋಗುಳದಿಂದ. ನಾನು ನಾಶಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಅಕ್ಕನ ಸಂಸಾರ ಛತ್ರಪತಿ ಸಂಭಾಜಿನಗರದಲ್ಲಿ. 2023ರಲ್ಲಿ ಹೆಸರು ಬದಲಾದರೂ ಅಕ್ಕನ ಬಾಯಲ್ಲಿ ಅದು ಇನ್ನೂ ಔರಂಗಾಬಾದೇ. ನಮ್ಮ ಅವ್ವ ಗದಗಿನ ಕಡೆಯವಳು. ಓದು ಬರಹ ಬಾರದವಳು. ಆದರೆ ತೊಟ್ಟಿಲ ಹಗ್ಗ ಕೈಗೆ ಬಂದರೆ ಅರ್ಧ ತಾಸು ಪದ ಹರಿಯುತ್ತಿತ್ತು. ಅದರಲ್ಲಿ ಒಂದು ಪದ ಅಕ್ಕನಿಗೆ ಮಾತ್ರ ಪೂರ್ತಿ ಬರುತ್ತದೆ. ಅಕ್ಕನಿಗೀಗ ಎಪ್ಪತ್ತನಾಲ್ಕು. ಮೇಲಿನ ಸ್ವರ ಮುಟ್ಟುವಾಗ ದನಿ ನಡುಗುತ್ತದೆ. ನನ್ನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂದಾಗ ಮೊಣಕಾಲಿನ ನೋವಿನಿಂದ ಅಕ್ಕ ನಾಶಿಕಕ್ಕೆ ಬರುವಂತಿರಲಿಲ್ಲ. ಆಗ ಅವಳ ಮಗ ಹೇಳಿದ: “ಮಾಮಾ, ಅವ್ವ ಬರದಿದ್ರೇನಾತು, ಹಾಡ ಬರಲಿ. ಸ್ಟುಡಿಯೋದಾಗ ರೆಕಾರ್ಡ ಮಾಡಸೂಣು.”

ನಾನು ತಪೋವನ ಎಕ್ಸ್‌ಪ್ರೆಸ್ ಹತ್ತಿ ಹೋದೆ.

ಸ್ಟುಡಿಯೋ ಎಂದರೆ ಎರಡು ಸಣ್ಣ ಕೋಣೆಗಳು. ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಕಂಪ್ಯೂಟರು, ನಡುವೆ ಗಾಜು. ಇಂಜಿನಿಯರ್ ಮರಾಠಿ ಹುಡುಗ. ಅಕ್ಕನನ್ನು ‘ಆಜಿ’ ಎಂದು ಕರೆದು ಮೊದಲು ಚಹಾ ತರಿಸಿದ. ಅಕ್ಕ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡಳು. ಇನ್ನೊಂದು ಕಿವಿಗೆ ತನ್ನ ದನಿ ತನಗೇ ಕೇಳಬೇಕಂತೆ. ತಾಳ ತಪ್ಪದಿರಲೆಂದು ಅವನು ಟಿಕ್ ಟಿಕ್ ಸದ್ದು ಬಿಟ್ಟ, ಅಕ್ಕನಿಗೆ ಆಗಿಬರಲಿಲ್ಲ. ತೊಟ್ಟಿಲು ಗಡಿಯಾರದ ಲೆಕ್ಕಕ್ಕೆ ತೂಗುವುದಿಲ್ಲವಲ್ಲ! ಹುಡುಗ ಜಾಣ. ಟಿಕ್ ಟಿಕ್ ನಿಲ್ಲಿಸಿ, ಬರಿಯ ತಂಬೂರಿಯ ಶ್ರುತಿಗೆ ಹಾಡಿಸಿದ. ಆಮೇಲೆ ತಬಲಾದವರನ್ನು ಕರೆಸಿ ಅವಳ ಹಾಡು ಕೇಳಿಸಿ, ಅದರ ಬೆನ್ನಿಗೆ ಬಾರಿಸಲು ಹೇಳಿದ. ಕೊಳಲೂ ಹಾಗೆಯೇ ಬಂತು. ಅದು ಮಂಗಳವಾರ.

ಇಲ್ಲಿಗೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ನಿಜವಾದ ಅಡುಗೆ ಆರಂಭವಾಗುವುದೇ ಇಲ್ಲಿಂದ. ಬೇರೆ ಬೇರೆಯಾಗಿ ಮುದ್ರಿಸಿದ ದನಿ, ತಬಲಾ, ಕೊಳಲು ಒಂದೊಂದೂ ಒಂದೊಂದು ಟ್ರ್ಯಾಕ್. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದಕ್ಕೆಷ್ಟು ಗುಂಗು ಎಂದು ಹದ ನೋಡಿ ಒಂದಾಗಿಸುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ.

ಹಿಂದೆ ಈ ಸವಲತ್ತು ಇರಲಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಎದುರಿಗಿದ್ದದ್ದು ಒಂದು ದೊಡ್ಡ ಕಹಳೆ. 1925ರ ಸುಮಾರಿಗೆ ವಿದ್ಯುತ್ ಮೈಕು ಬರುವ ತನಕ ಜಗತ್ತೆಲ್ಲ ಹೀಗೆಯೇ. ಹಾಡುವವರು ಕಹಳೆಯ ಬಾಯಿಗೆ ಹತ್ತಿರ, ಜೋರಾದ ವಾದ್ಯದವರು ದೂರ. ಮಿಕ್ಸಿಂಗ್ ಎಂದರೆ ಕೂರುವ ಜಾಗ, ಅಷ್ಟೇ. ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಸಂಯಮ ಅಲ್ಲಿ ಗುಣವಾಗಿರಲಿಲ್ಲ, ನಿರುಪಾಯವಾಗಿತ್ತು. ಈಗ ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ಬೇಕಾದರೂ ಹಿಡಿಯುತ್ತದೆ. ಬೇಡ ಎನ್ನುವ ಯಂತ್ರ ಇಲ್ಲ. ಬೇಡ ಎನ್ನಬೇಕಾದವರು ನಾವೇ.

ಅಳಿಯನಿಗೆ ಬೇಡ ಎನ್ನುವ ಮನಸ್ಸಿರಲಿಲ್ಲ. ತಾಯಿಯ ಮೇಲಿನ ಪ್ರೀತಿ. ದುಡ್ಡಿಗೂ ಹಿಂದೆ ಮುಂದೆ ನೋಡಲಿಲ್ಲ. ಬುಧವಾರ ಅವನು ಸ್ಟುಡಿಯೋದಲ್ಲಿ ಕುಳಿತು ಕೀಬೋರ್ಡಿನಿಂದ ಪಿಟೀಲುಗಳ ದಂಡು ತರಿಸಿದ, ಗೆಜ್ಜೆ ಕಟ್ಟಿಸಿದ, ಸಿತಾರ್ ಸೇರಿಸಿದ. ಅಕ್ಕನ ದನಿಯ ನಡುಕವನ್ನು ಸ್ವರ ತಿದ್ದುವ ತಂತ್ರಾಂಶಕ್ಕೆ ಕೊಟ್ಟು ನೇರ ಮಾಡಿಸಿದ; ಉಸಿರಿನ ಸದ್ದು ಕತ್ತರಿಸಿ ಹಾಕಿಸಿದ; ಗುಹೆಯಲ್ಲಿ ಹಾಡಿದಂತೆ ರಿವರ್ಬ್ ಸುರಿಸಿದ. ಒಟ್ಟು ಹದಿನಾಲ್ಕು ಟ್ರ್ಯಾಕ್.

ಅದೇ ಬುಧವಾರ ನಾನು ಅವನ ಮಗಳನ್ನು, ಒಂಬತ್ತು ವರ್ಷದ ಮೊಮ್ಮಗಳನ್ನು, ನಿಜವಾದ ಗುಹೆಗಳಿಗೇ ಕರೆದುಕೊಂಡು ಹೋಗಿದ್ದೆ. ವೇರೂಳ, ಅಂದರೆ ಎಲ್ಲೋರಾ, ಅಲ್ಲಿಂದ ಸುಮಾರು 30 ಕಿಲೋಮೀಟರು; ಮಂಗಳವಾರ ಬಾಗಿಲು ಮುಚ್ಚಿರುತ್ತದೆ, ನೆನಪಿಡಿ. 16ನೆಯ ಗುಹೆಯ ಕೈಲಾಸನಾಥನ ಎದುರು ನಿಂತಾಗ ನಮ್ಮಂಥವರಿಗೆ ಇದು ಪರಊರು ಅನ್ನಿಸುವುದಿಲ್ಲ. ಎಂಟನೆಯ ಶತಮಾನದಲ್ಲಿ ಇದನ್ನು ಕಡೆಸಿದವನೆಂದು ಹೆಸರಾದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅದೇ ವಂಶದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡನಾಡಿನ ಮೇರೆಯನ್ನು ಗೋದಾವರಿಗೆ ತಂದು ನಿಲ್ಲಿಸಿತು. ಆ ಗೋದಾವರಿ ಹುಟ್ಟುವುದು ನಮ್ಮ ನಾಶಿಕದ ತ್ರ್ಯಂಬಕದಲ್ಲಿ. ಹರಿಯುವುದು ಅಕ್ಕನ ಜಿಲ್ಲೆಯ ಪೈಠಣದ ಮೇಲೆ. ಅಕ್ಕ ತಮ್ಮ ಇಬ್ಬರೂ ಆ ಹಳೆಯ ಮೇರೆಯ ಮೇಲೆಯೇ ಸಂಸಾರ ಹೂಡಿದ್ದೇವೆ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದರೆ ಮೊಮ್ಮಗಳು ಕೇಳಿದ್ದೇ ಬೇರೆ: “ಅಜ್ಜಾ, ತಗದ ಕಲ್ಲೆಲ್ಲಾ ಎಲ್ಲಿ ಹೋತು?”

ಒಳ್ಳೆಯ ಪ್ರಶ್ನೆ. ಕೈಲಾಸವನ್ನು ಯಾರೂ ಕಟ್ಟಲಿಲ್ಲ. ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ, ಬೇಡದ ಕಲ್ಲನ್ನು ಲಕ್ಷಾಂತರ ಟನ್ನುಗಳಷ್ಟು ತೆಗೆದುಹಾಕಿದರು, ಉಳಿದದ್ದು ದೇವಾಲಯ. ಇದನ್ನು ಹೇಗೆ ಮಾಡಿದೆನೋ ಎಂದು ಶಿಲ್ಪಿಯೇ ಬೆರಗಾದನೆಂದು ಕರ್ಕನ ಬರೋಡಾ ತಾಮ್ರಶಾಸನದಲ್ಲಿ ಹೇಳಿದೆ.

ಗುರುವಾರ ಎಲ್ಲರೂ ಕುಳಿತು ಹಾಡು ಕೇಳಿದೆವು. ಸಿನಿಮಾದ ಹಾಡಿನಂತೆ ತುಂಬಿ ಬಂತು. ಅಳಿಯನ ಮುಖ ಅರಳಿತು. ಅಕ್ಕ ಮಾತ್ರ, “ಇದು ನನ್ನ ದನಿ ಅಲ್ಲೋ ತಮ್ಮಾ, ಯಾರೋ ಸಿನಿಮಾದಾಕಿ ಹಾಡಿದಂಗ ಐತಿ” ಎಂದು ಸುಮ್ಮನಾದಳು. ಅಷ್ಟರಲ್ಲಿ ಮೊಮ್ಮಗಳು ಸ್ಪೀಕರಿನ ಜೊತೆ ಗುನುಗತೊಡಗಿದಳು. ಕೂಸಿಗೆ ಕತೆ ಹೇಳುವ ಜಾಗದಲ್ಲಿ ಅವಳು ‘ಕತ್ತೆ’ ಅಂದಳು. ‘ಹಳ್ಳಿ’ ಬರುವಲ್ಲಿ ‘ಹಲ್ಲಿ’ ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ.

ನನಗೂ ನಗು ಬರಲಿಲ್ಲ. ಈ ಹುಡುಗಿಗೆ ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಕನ್ನಡ ಸಿಗುವುದು ಅಜ್ಜಿಯ ಬಾಯಿಂದ ಮಾತ್ರ. ಊರಿನ ಮಕ್ಕಳು ಹಾಡಿನಲ್ಲಿ ಕಳೆದ ಮಾತನ್ನು ಬೀದಿಯಲ್ಲಿ ಹುಡುಕಿಕೊಳ್ಳುತ್ತವೆ. ನಮ್ಮ ಮಕ್ಕಳಿಗೆ ಆ ಬೀದಿ ಇಲ್ಲ. ಹಾಡಿನಲ್ಲಿ ಮುಚ್ಚಿಹೋದ ಮಾತು ಅವರ ಪಾಲಿಗೆ ಇಲ್ಲದ ಮಾತೇ.

ನಾನು ಹುಡುಗನಿಗೆ ಅವನ ಭಾಷೆಯಲ್ಲೇ ವಿಷಯ ತಿಳಿಸಿದೆ. ಹಾಡನ್ನು ನಾಗರಿ ಲಿಪಿಯಲ್ಲಿ ಬರೆದುಕೊಟ್ಟೆ. ಮರಾಠಿಯಲ್ಲೂ ಳಕಾರ ಉಂಟಾದ್ದರಿಂದ ಹಳ್ಳಿ–ಹಲ್ಲಿಯ ವ್ಯತ್ಯಾಸ ಅವನಿಗೆ ತಟ್ಟನೆ ಹೊಳೆಯಿತು. ಆದರೆ ನಮ್ಮ ಕೊಡು ಮತ್ತು ಕೋಡು ಎರಡನ್ನೂ ಅವರು ಒಂದೇ ರೀತಿ ಬರೆಯಬೇಕು. ಹ್ರಸ್ವ ಇರುವಲ್ಲೆಲ್ಲ ಕೆಂಪು ಗುರುತು ಹಾಕಿಕೊಟ್ಟೆ. ಆಮೇಲೆ ಅವನು ಹೇಳಿದ ಮಾತು ನನಗೆ ಹೊಸದು: “ಕಾಕಾ, ನಿಮ್ಮ ಒತ್ತಕ್ಷರದಲ್ಲಿ ಒಂದು ಚೂರು ಮೌನ ಇದೆ.” ನಿಜವಲ್ಲವೇ? ಕತ್ತೆ ಎನ್ನುವಾಗ ನಾಲಿಗೆ ಒಂದು ಗಳಿಗೆ ಕಟ್ಟಿ ನಿಲ್ಲುತ್ತದೆ. ಕತೆ ಎನ್ನುವಾಗ ತಟ್ಟಿ ಮುಂದೆ ಹೋಗುತ್ತದೆ. ಆ ನಿಲುಗಡೆಯ ಅಳತೆಯಲ್ಲೇ ಅರ್ಥ ಇದೆ. ರಿವರ್ಬಿನ ಗುಂಗು ಆ ಸಂದಿಯಲ್ಲಿ ನೀರಿನಂತೆ ತುಂಬಿಕೊಂಡರೆ ಕತೆಗೂ ಕತ್ತೆಗೂ ಭೇದವಿಲ್ಲ.

ಇನ್ನೊಂದು ಸಂಗತಿ ವಿವರಿಸಿದ. ಮಾತನ್ನು ಗುರುತಿಸಲು ಬೇಕಾದ ವ್ಯಂಜನಗಳ ಚುರುಕು ಬಹುಪಾಲು 2000ದಿಂದ 5000 ಹರ್ಟ್ಸ್ ನಡುವೆ ಇರುತ್ತದೆ. ಹಳೆಯ ಟೆಲಿಫೋನು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತಿದ್ದರೂ ನಾವು ಊರಿನ ಸುದ್ದಿಯನ್ನೆಲ್ಲ ಅದರಲ್ಲೇ ತಿಳಿಯುತ್ತಿದ್ದೆವು. ಪಿಟೀಲು, ಸಿತಾರ್, ಗೆಜ್ಜೆಗಳ ಹೊಳಪೂ ಅದೇ ಓಣಿಯಲ್ಲಿ ವಾಸ. ಒಂದೇ ಓಣಿಯಲ್ಲಿ ಜೋರಾದ ಸದ್ದು ಮೆತ್ತಗಿನದನ್ನು ಮರೆಮಾಡುತ್ತದೆ. ಆಗ ದನಿಯನ್ನು ಏರಿಸುವುದು, ಅದಕ್ಕೆ ಸರಿಯಾಗಿ ವಾದ್ಯ ಏರಿಸುವುದು, ಮತ್ತೆ ದನಿ ಏರಿಸುವುದು: ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗೆ. ಮದ್ದು ಒಂದೇ, ಕೆಲವರನ್ನು ಕೂರಿಸುವುದು.

ಹುಡುಗ ಕೂರಿಸತೊಡಗಿದ. ಪಿಟೀಲಿನ ದಂಡು ಹೋಯಿತು, ಸಿತಾರ್ ಹೋಯಿತು, ಗೆಜ್ಜೆ ಹೋಯಿತು. ಕೊಳಲು ಸಾಲು ಸಾಲಿನ ನಡುವೆ ಮಾತ್ರ ಬರುವಂತಾಯಿತು. ಅಕ್ಕ ಬಾಯಿ ತೆರೆದರೆ ಅದು ಸುಮ್ಮನೆ. ತಬಲಾದ ಡಗ್ಗ ತೊಟ್ಟಿಲ ತೂಗಿನಷ್ಟೇ ಉಳಿಯಿತು. ರಿವರ್ಬ್ ಗುಹೆಯಿಂದ ಪಡಸಾಲೆಗೆ ಇಳಿಯಿತು. ಸ್ವರ ತಿದ್ದುವ ತಂತ್ರಾಂಶ ತೆಗೆಸಿದೆ. ಮೇಲಿನ ಸ್ವರಕ್ಕೆ ಏರುವಾಗ ಅಕ್ಕ ಕೆಳಗಿನಿಂದ ಜಾರಿಕೊಂಡು ಮುಟ್ಟುವುದು ಅವ್ವನ ರೀತಿ, ಅದು ತಪ್ಪಲ್ಲ. ಉಸಿರನ್ನು ಕತ್ತರಿಸದೆ ಮೂರ್ನಾಲ್ಕು ಡೆಸಿಬಲ್ ತಗ್ಗಿಸಿದ. ಕಂಪ್ರೆಸರನ್ನು ಕೂಡ ಹಿತಮಿತವಾಗಿ ಹಾಕಿದ. ಜೋರು–ಮೆತ್ತಗೆ ಎರಡನ್ನೂ ಸಮ ಮಾಡಿಬಿಟ್ಟರೆ ಜೋಗುಳ ಜಾಹೀರಾತಾಗುತ್ತದೆ. ಕೈಲಾಸದ ಶಿಲ್ಪಿಗೆ ತೆಗೆದ ಕಲ್ಲನ್ನು ಮರಳಿ ಹಚ್ಚುವ ಅವಕಾಶವಿರಲಿಲ್ಲ. ಇಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲವೂ ಹಿಂದಿರುಗುತ್ತದೆ. ಆದರೂ ತೆಗೆಯಲು ನಮಗೆ ಧೈರ್ಯ ಸಾಲದು.

ಅಳಿಯನಿಗೆ ಬೇಸರವಾಯಿತು. “ಮಾಮಾ, ಇಷ್ಟ ಖರ್ಚ ಮಾಡಿ ಬೋಳ ಬೋಳ ಆತಲ್ಲ” ಎಂದ. ಬೋಳು ಬೇರೆ, ತೆರವು ಬೇರೆ ಎಂದು ಹೇಳುವ ಬದಲು ನಾನು ಒಂದು ಉದಾಹರಣೆ ಕೊಟ್ಟೆ. 1921ರಲ್ಲಿ ನಾಶಿಕದಲ್ಲಿ ಹುಟ್ಟಿದ ಡಿ. ವಿ. ಪಲುಸ್ಕರರು 1955ರಲ್ಲಿ, ಮೂವತ್ತನಾಲ್ಕರ ಹರೆಯದಲ್ಲೇ, ತೀರಿಕೊಂಡರು. ಅವರ ಭಜನೆಗಳ ಹಳೆಯ ಮುದ್ರಿಕೆ ಇಂದಿಗೂ ಮನೆಮನೆಯಲ್ಲಿ ಕೇಳಿಸುತ್ತದೆ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ನಮ್ಮ ಗದಗಿನ ಭೀಮಸೇನ ಜೋಶಿಯವರು ಮರಾಠಿಯಲ್ಲಿ ಸಂತವಾಣಿ, ಕನ್ನಡದಲ್ಲಿ ದಾಸವಾಣಿ ಹಾಡಿ ಎರಡೂ ಮನೆಯವರಾದರು. ಅಲ್ಲಿ ವಾದ್ಯ ಮಾತಿಗೆ ದಾರಿ ಬಿಡುತ್ತದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಕೂಡಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ನಮ್ಮಂಥ ಹೊರನಾಡಿನ ಮನೆಗಳಿಗೂ ಬಂತು. ಕವಿತೆಯನ್ನು ಪುಸ್ತಕವಿಲ್ಲದೆ ಬಾಯಿಪಾಠ ಮಾಡಿಸಿತು. ಬೋಳು ಎಂದು ಯಾರೂ ದೂರಲಿಲ್ಲ.

ಕಡೆಗೆ ಹುಡುಗ ದೊಡ್ಡ ಸ್ಪೀಕರ್ ಆರಿಸಿ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಅದೂ ಪಿಸುಮಾತಿನಷ್ಟು ಮೆಲ್ಲಗೆ ಹಾಡು ಹಚ್ಚಿದ. ಸದ್ದು ತಗ್ಗಿದಾಗ ನಮ್ಮ ಕಿವಿಗೆ ತೀರ ಕೆಳಗಿನ ಸ್ವರಗಳು ಮೊದಲು ಮಾಯವಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಕಿವಿಯ ಈ ಗುಣವನ್ನು 1933ರಲ್ಲೇ ಅಳೆದು ತೋರಿಸಿದ್ದರು. ಮೆಲ್ಲಗೆ ಹಚ್ಚಿದಾಗಲೂ ಮಾತು ತಿಳಿದರೆ ಮಿಕ್ಸಿಂಗ್ ಗೆದ್ದಿತು. ಜೋಗುಳ ಕೇಳಿಸಬೇಕಾದದ್ದೂ ಮೆಲ್ಲಗೇ ಅಲ್ಲವೆ? ಮೊಮ್ಮಗಳು ಕಿವಿಗೊಟ್ಟು, “ಅಜ್ಜೀ, ಕತ್ತಿ ಅಲ್ಲ ಅದು, ಕತಿ!” ಎಂದು ಗದಗಿನವಳಂತೆಯೇ ಕೂಗಿದಳು. ಅಕ್ಕ, “ಉಸಿರ ಕೇಳತೈತಲ್ಲೋ” ಎಂದು ಸಂಕೋಚಪಟ್ಟಳು. “ಕೇಳಲಿ ಬಿಡ ಅಕ್ಕಾ, ಅವ್ವಂದೂ ಕೇಳತಿತ್ತು” ಅಂದೆ. ಅಳಿಯ ಆಮೇಲೆ ಮಾತಾಡಲಿಲ್ಲ.

ಮಕ್ಕಳ ಹಾಡು ಮುದ್ರಿಸಲು ಹೊರಟಿರುವ ನಮ್ಮ ಓದುಗರಿಗೆ ಮೂರು ಮಾತು. ಹಾಡಿನ ಸಾಹಿತ್ಯವನ್ನು ಇಂಜಿನಿಯರನಿಗೆ ಅವನಿಗೆ ಬರುವ ಲಿಪಿಯಲ್ಲಿ ಬರೆದುಕೊಡಿ. ಒತ್ತು, ದೀರ್ಘ ಎಲ್ಲಿದೆ ಎಂದು ಓದಿ ತೋರಿಸಿ. ಜೋರು ಮಾಡಿಸಬೇಡಿ, ಯೂಟ್ಯೂಬಿನಂಥವು ಮಿತಿಮೀರಿ ಜೋರಾದ ಹಾಡನ್ನು ತಾವಾಗಿಯೇ ತಗ್ಗಿಸುತ್ತವೆ, ಉಳಿಯುವುದು ಹಿಂಡಿ ಚಪ್ಪಟೆಯಾದ ದನಿ ಮಾತ್ರ. ಮೂರನೆಯದು ಮುಖ್ಯ: ವಾದ್ಯವಾಗಲಿ ಗುಂಗಾಗಲಿ ಸೇರದ ಬರಿಯ ದನಿಯ ಟ್ರ್ಯಾಕನ್ನು ಕೇಳಿ ಪಡೆಯಿರಿ. ಮುಂದಿನವರು ತಮಗೆ ಬೇಕಾದ ಒಗ್ಗರಣೆ ಹಾಕಿಕೊಳ್ಳಲಿ. ಅಕ್ಕನ ಆ ಬರಿಯ ದನಿ ಈಗ ಮೂರು ಮನೆಗಳಲ್ಲಿದೆ: ಸಂಭಾಜಿನಗರದಲ್ಲಿ ಒಂದು, ನಾಶಿಕದಲ್ಲಿ ಒಂದು, ಗದಗಿನಲ್ಲಿ ಒಂದು. ನನ್ನ ಮಗಳು ಕೂಸಿಗೆ ಹಚ್ಚುವುದು ಹೆಚ್ಚಾಗಿ ಅದನ್ನೇ. ತಬಲಾ ಇಲ್ಲದಿದ್ದರೆ ತನಗೂ ಜೊತೆಗೆ ಹಾಡಲು ಜಾಗ ಸಿಗುತ್ತದಂತೆ.